ಸ್ವಂತ ನೆಲದ ರೇಸ್ ಪಥ: ಮದರಾಸು ಮೋಟಾರ್ ಸ್ಪೋರ್ಟ್ಸ್ ಕ್ಲಬ್

1953ರಲ್ಲಿ ಸ್ಥಾಪನೆಯಾದ ಮದರಾಸು ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಇತಿಹಾಸವು ಮುಖ್ಯವಾಗಿ ನೆಲೆಯೊಂದನ್ನು ಅರಸಿದ ಇತಿಹಾಸವಾಗಿದೆ. ಆರಂಭದ ದಶಕಗಳಲ್ಲಿ ಅದರ ಸ್ಪರ್ಧೆಗಳು ನಗರದ ಉತ್ತರಕ್ಕಿರುವ ಶೋಳಾವರದಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದವು. ರನ್‌ವೇ ಎಂದರೆ ವಿಮಾನವು ನೇರವಾಗಿ ಓಡಿ ಮೇಲೇರಲು ಹಾಸಿದ ಪಟ್ಟಿಯಾದ್ದರಿಂದ ಅಲ್ಲಿ ವೇಗಕ್ಕೆ ಅವಕಾಶವಿತ್ತಾದರೂ, ಚಾಲಕನ ಕೌಶಲವನ್ನು ಒರೆಗೆ ಹಚ್ಚುವ ಸಹಜ ತಿರುವುಗಳಿರಲಿಲ್ಲ. ಗುರುತುಗಳನ್ನಿಟ್ಟು ಅವನ್ನು ಕಲ್ಪಿಸಿಕೊಳ್ಳಬೇಕಾಗುತ್ತಿತ್ತು. ವಿದೇಶಿ ವಾಹನಗಳ ಆಮದು ದುಸ್ತರವಾಗಿದ್ದ ಆ ದಿನಗಳಲ್ಲಿ ಫಿಯೆಟ್, ಹೆರಾಲ್ಡ್‌ಗಳಂಥ ಮನೆಬಳಕೆಯ ಕಾರುಗಳನ್ನೇ ಬಿಚ್ಚಿ, ಭಾರ ಇಳಿಸಿ, ಎಂಜಿನ್ನನ್ನು ಪಳಗಿಸಿ ಓಡಿಸಿದ ಮೆಕ್ಯಾನಿಕ್‌ಗಳ ಜಾಣ್ಮೆಯೇ ಭಾರತೀಯ ರೇಸಿಂಗಿನ ನಿಜವಾದ ಬುನಾದಿ.

ಎರವಲು ನೆಲದಲ್ಲಿ ಆಟ ಬೆಳೆಯದೆಂಬುದನ್ನು ಮನಗಂಡ ಕ್ಲಬ್ಬು ಶ್ರೀಪೆರಂಬುದೂರಿನ ಸಮೀಪ, ಚೆನ್ನೈ–ಬೆಂಗಳೂರು ಹೆದ್ದಾರಿಗೆ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ ತನ್ನದೇ ಪಥವನ್ನು ನಿರ್ಮಿಸಿತು. 1990ರಲ್ಲಿ ಬಳಕೆಗೆ ಬಂದ, ಸುಮಾರು 3.7 ಕಿ.ಮೀ. ಉದ್ದದ ಇದು ದೇಶದ ಮೊದಲ ಶಾಶ್ವತ ರೇಸ್ ಪಥ. ದೆಹಲಿಯ ಬಳಿ ಫಾರ್ಮುಲಾ ಒನ್ ಪಥ ಸಿದ್ಧವಾದುದು 2011ರಲ್ಲಿ ಎಂಬುದನ್ನು ನೆನೆದರೆ, ಸದಸ್ಯರ ಸಂಘವೊಂದು ಎರಡು ದಶಕಗಳಷ್ಟು ಮೊದಲೇ ಸಾಧಿಸಿದ್ದರ ಬೆಲೆ ತಿಳಿಯುತ್ತದೆ. 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಮೊದಲು ಸ್ಪರ್ಧಿಸಿದ್ದು ಶ್ರೀಪೆರಂಬುದೂರಿನಲ್ಲಿಯೇ. 2010ರಲ್ಲಿ ಅವರನ್ನು ಹಿಂಬಾಲಿಸಿದ ಕರುಣ್ ಚಂಡೋಕ್ ಚೆನ್ನೈಯವರು. ಬೆಂಗಳೂರಿನ ಸವಾರರಿಗೂ ಚಾಲಕರಿಗೂ ಈ ಪಥ ಹೆದ್ದಾರಿಯ ಕೆಲವೇ ಗಂಟೆಗಳ ದೂರದಲ್ಲಿದೆ.

ಕ್ಲಬ್ಬಿನ ಕಾರ್ಯ ಕಾರು, ಬೈಕುಗಳ ರೇಸಿಗೆ ಸೀಮಿತವಲ್ಲ. ಸಾಮಾನ್ಯ ರಸ್ತೆ ಹಾಗೂ ಕಚ್ಚಾದಾರಿಗಳ ನಿಗದಿತ ಭಾಗಗಳನ್ನು ಅತಿ ಕಡಿಮೆ ಸಮಯದಲ್ಲಿ ಕ್ರಮಿಸಬೇಕಾದ ರ‍್ಯಾಲಿಗಳಲ್ಲಿ ಅದು ನಡೆಸುವ ಸೌತ್ ಇಂಡಿಯಾ ರ‍್ಯಾಲಿ ಪ್ರಸಿದ್ಧವಾಗಿದೆ. ಆದರೆ ಯಾವ ಸ್ಪರ್ಧೆಯೇ ಆಗಲಿ, ಅದರ ಜೀವ ಮಾರ್ಷಲ್‌ಗಳ ಕೈಯಲ್ಲಿರುತ್ತದೆ. ತಿರುವುಗಳಲ್ಲಿ ನಿಂತು, ಮುಂದೆ ಅಪಾಯವಿದೆಯೆಂದು ಹಳದಿ ಧ್ವಜ ಬೀಸುವ, ಓಟ ನಿಲ್ಲಬೇಕಾದಾಗ ಕೆಂಪು ಧ್ವಜ ತೋರುವ, ಉರುಳಿದ ವಾಹನದತ್ತ ಮೊದಲು ಧಾವಿಸುವ ಈ ಕಾರ್ಯಕರ್ತರ ಸೇವೆ ಗೆದ್ದವರ ಪಟ್ಟಿಗಳಲ್ಲಿ ಕಾಣಿಸುವುದಿಲ್ಲ. ಶೋಳಾವರದ ದಿನಗಳನ್ನು ಕಂಡವರು ನಮ್ಮ ನಡುವೆ ಇರುವಾಗಲೇ ಆ ಮಾರ್ಷಲ್‌ಗಳ, ಮೆಕ್ಯಾನಿಕ್‌ಗಳ ಹೆಸರು ಮತ್ತು ಛಾಯಾಚಿತ್ರಗಳನ್ನು ಸಂಗ್ರಹಿಸುವ ಕೆಲಸಕ್ಕೆ ಅವರ ಕುಟುಂಬಗಳೂ ಹಳೆಯ ಸ್ಪರ್ಧಿಗಳೂ ಕೈಜೋಡಿಸಬೇಕು.