ಒಂದು ತೋಳಿನ ಲೆಕ್ಕ

1884ರ ಜುಲೈ. ಅಮೆರಿಕದ ಪ್ರಾವಿಡೆನ್ಸ್ ಗ್ರೇಸ್ ಅನ್ನೋ ಬೇಸ್‌ಬಾಲ್ ತಂಡಕ್ಕೆ ಇದ್ದದ್ದೇ ಇಬ್ಬರು ಮುಖ್ಯ ಪಿಚರ್‌ಗಳು. ಚಾರ್ಲ್ಸ್ ರಾಡ್‌ಬರ್ನ್ ಸಸ್ಪೆಂಡ್ ಆಗಿ ಮನೇಲಿ ಕೂತಿದ್ದ. ಇನ್ನೊಬ್ಬ, ಚಾರ್ಲಿ ಸ್ವೀನಿ, ಜಗಳ ಮಾಡಿಕೊಂಡು ಆಟದ ಮಧ್ಯೆಯೇ ಮೈದಾನ ಬಿಟ್ಟು ಹೋದ. ತಂಡವನ್ನೇ ಮುಚ್ಚಿಬಿಡೋಣ ಅನ್ನೋವರೆಗೂ ಮಾತು ಹೋಯಿತು. ಆಗ ರಾಡ್‌ಬರ್ನ್ ಒಂದು ಷರತ್ತು ಹಾಕಿದ: ಉಳಿದ ಪಂದ್ಯಗಳಿಗೆ ನಾನೇ ಚೆಂಡು ಎಸೀತೀನಿ, ಸಂಬಳ ಹೆಚ್ಚಿಸಿ, ಸೀಸನ್ ಮುಗಿದ ಮೇಲೆ ನನ್ನನ್ನ ಬಿಟ್ಟುಬಿಡಿ. ಆಗ ಮಾಲೀಕರು ಬಿಡುಗಡೆ ಕೊಡದೆ ಆಟಗಾರ ಬೇರೆ ತಂಡಕ್ಕೆ ಹೋಗುವ ಹಾಗೇ ಇರಲಿಲ್ಲ. ಮೂರು ತಿಂಗಳ ನೋಟಿಸ್ ಪೀರಿಯಡ್‌ಗೆ ಗೊಣಗೋ ನಮ್ಮಂಥೋರು ಇದನ್ನ ಓದಬೇಕು.

ಕ್ರಿಕೆಟ್ ನೋಡಿ ಬೆಳೆದವರಿಗೆ ಇಲ್ಲಿ ಒಂದು ವಿಷಯ ಹೇಳಲೇಬೇಕು. ಒನ್‌ಡೇಯಲ್ಲಿ ಒಬ್ಬ ಬೌಲರ್‌ಗೆ ಹತ್ತೇ ಓವರು. ಓವರ್ ಮುಗಿದರೆ ಇನ್ನೊಬ್ಬ ಬರ್ತಾನೆ. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಆಟ ಶುರು ಮಾಡುವ ಪಿಚರ್ ಒಂಬತ್ತು ಇನ್ನಿಂಗ್ಸನ್ನೂ ಒಬ್ಬನೇ ಎಸೆಯಬಹುದು. ಆದರೆ ಒಮ್ಮೆ ಆಟದಿಂದ ಹೊರಗೆ ಕಳಿಸಿದರೆ ಆ ದಿನ ಮತ್ತೆ ಬರುವಂತಿಲ್ಲ.

ಆ ವರ್ಷ ರಾಡ್‌ಬರ್ನ್ 73 ಪಂದ್ಯ ಶುರು ಮಾಡಿದ, 73ನ್ನೂ ತಾನೇ ಮುಗಿಸಿದ. ಗೆದ್ದದ್ದು 59 ಅಂತ ಕೆಲವರು, 60 ಅಂತ ಕೆಲವರು. ತಂಡ ಚಾಂಪಿಯನ್ ಆಯ್ತು. ಬೆಳಗ್ಗೆ ತಲೆ ಬಾಚಿಕೊಳ್ಳೋಕೂ ಅವನಿಗೆ ಕೈ ಎತ್ತಲು ಆಗ್ತಿರಲಿಲ್ಲ ಅಂತ ಕತೆ ಇದೆ. ನಂಬಬಹುದು ಅನ್ಸುತ್ತೆ.

1893ರಲ್ಲಿ ಪಿಚರ್‌ನನ್ನು 60 ಅಡಿ 6 ಇಂಚು ದೂರಕ್ಕೆ ಸರಿಸಿದರು. ತೋಳಿನ ಮೇಲೆ ಭಾರ ಹೆಚ್ಚಿತು. ನಿಧಾನಕ್ಕೆ ನಾಲ್ವರು, ಆಮೇಲೆ ಐವರು ಸರದಿ ಮೇಲೆ ಆಟ ಶುರು ಮಾಡುವ ಪದ್ಧತಿ ಬಂತು. ನಮ್ಮೂರಲ್ಲಿ ಬಿಸಿಲೇರುತ್ತಿದ್ದಂತೆ ಎತ್ತಿನ ನೊಗ ಬಿಚ್ಚುತ್ತಿದ್ದರು. ಮಾರನೇ ದಿನವೂ ಉಳಬೇಕಲ್ಲ. ಈ ಆಟದವರಿಗೆ ಆ ಲೆಕ್ಕ ಹೊಳೆಯೋಕೆ ಬಹಳ ಕಾಲ ಹಿಡೀತು. 1966ರಲ್ಲಿ ಡಾಜರ್ಸ್ ತಂಡದ ಸ್ಯಾಂಡಿ ಕೋಫ್ಯಾಕ್ಸ್ 27 ಪಂದ್ಯ ಗೆದ್ದ, 27 ಪಂದ್ಯ ತಾನೇ ಪೂರ್ತಿ ಎಸೆದ. ಮೊಣಕೈಗೆ ಸಂಧಿವಾತ. ಇಂಜೆಕ್ಷನ್ ಚುಚ್ಚಿಸಿಕೊಂಡೇ ಆಡುತ್ತಿದ್ದ. ಆ ಸೀಸನ್ ಮುಗಿಯುತ್ತಲೇ ಆಟ ಬಿಟ್ಟ. ವಯಸ್ಸು ಬರೀ 30.

ಎಂಟು ವರ್ಷದ ನಂತರ ಅದೇ ತಂಡದ ಟಾಮಿ ಜಾನ್‌ಗೆ ಎಡ ಮೊಣಕೈಯ ಲಿಗಮೆಂಟ್ ಹರಿಯಿತು. ಡಾಕ್ಟರ್ ಫ್ರ್ಯಾಂಕ್ ಜೋಬ್ ಬಲಗೈಯ ಸ್ನಾಯುರಜ್ಜು ತೆಗೆದು ಎಡಗೈಗೆ ಹಾಕಿದರು. ಅಂಥ ಆಪರೇಷನ್ ಅದೇ ಮೊದಲು. 1976ರಲ್ಲಿ ವಾಪಸ್ ಬಂದ ಜಾನ್ ಆಮೇಲೆ 164 ಪಂದ್ಯ ಗೆದ್ದ. ಇವತ್ತು ಆ ಆಪರೇಷನ್‌ಗೆ ಅವನದೇ ಹೆಸರು.

ಇನ್ನು 2022ರ ಏಪ್ರಿಲ್ 13ಕ್ಕೆ ಬನ್ನಿ. ಮತ್ತೆ ಡಾಜರ್ಸ್. ಕ್ಲೇಟನ್ ಕರ್ಶಾ ಏಳು ಇನ್ನಿಂಗ್ಸ್ ಎಸೆದಿದ್ದ, ಎದುರಾಳಿಗಳಲ್ಲಿ ಒಬ್ಬನೂ ಬೇಸ್ ಮುಟ್ಟಿರಲಿಲ್ಲ. ಇನ್ನೆರಡು ಇನ್ನಿಂಗ್ಸ್ ಹೀಗೇ ಎಸೆದಿದ್ದರೆ ಪರ್ಫೆಕ್ಟ್ ಗೇಮ್; ಮೇಜರ್ ಲೀಗ್‌ನ ಅಷ್ಟೂ ಚರಿತ್ರೆಯಲ್ಲಿ ಅಲ್ಲಿವರೆಗೆ 23 ಸಲ ಮಾತ್ರ ಆಗಿದ್ದು. ಎಸೆದಿದ್ದು 80 ಚೆಂಡು ಅಷ್ಟೇ. ಮ್ಯಾನೇಜರ್ ಡೇವ್ ರಾಬರ್ಟ್ಸ್ ಅವನನ್ನು ಹೊರಗೆ ಕರೆದರು. ಹಿಂದಿನ ವರ್ಷ ಅವನ ತೋಳಿಗೆ ಪೆಟ್ಟಾಗಿತ್ತು.

ಅಭಿಮಾನಿಗಳು ಸಿಟ್ಟಾದರು. ಆಟ ಅಂತ ನೋಡಿದ್ರೆ ನಂಗೂ ಹೊಟ್ಟೆ ಉರಿಯುತ್ತೆ. ಆದರೆ ಕರ್ಶಾ ಮಾತ್ರ ಅದು ಸರಿಯಾದ ತೀರ್ಮಾನ ಅಂದ. ಆ ವರ್ಷ 30 ತಂಡಗಳ ಎಲ್ಲ ಪಿಚರ್‌ಗಳೂ ಸೇರಿ ಪೂರ್ತಿ ಎಸೆದ ಪಂದ್ಯಗಳು 36. ರಾಡ್‌ಬರ್ನ್ ಒಬ್ಬನ ಲೆಕ್ಕದ ಅರ್ಧವೂ ಆಗಲಿಲ್ಲ.