ಕರ್ನಾಟಕದ ಭೂಸುಧಾರಣಾ ಕಾಯಿದೆ

ಸಾಗುವಳಿ ಮಾಡುವ ಗೇಣಿದಾರನಿಗೆ ಜಮೀನಿನ ಒಡೆತನ ಕೊಡುವ ಉದ್ದೇಶದಿಂದ ರಾಜ್ಯ ವಿಧಾನಮಂಡಲ ರೂಪಿಸಿದ ಶಾಸನ. ಮೂಲ ಕಾಯಿದೆ 1961ರದು, ಜಾರಿಗೆ ಬಂದದ್ದು 1965ರಲ್ಲಿ. ಇಂದು ಜನರ ನೆನಪಿನಲ್ಲಿ ಉಳಿದಿರುವುದು 1974ರ ತಿದ್ದುಪಡಿ. ಎರಡೂ ಹೊರಟದ್ದು ಒಂದೇ ಸದನದಿಂದ, ಎರಡರ ಗುರಿಯೂ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದು ಗೇಣಿದಾರನ ಬದುಕನ್ನು ಅಷ್ಟಾಗಿ ಮುಟ್ಟಲಿಲ್ಲ, ಎರಡನೆಯದು ಕರಾವಳಿ ಮತ್ತು ಮಲೆನಾಡಿನ ಹಳ್ಳಿಗಳ ಸ್ವರೂಪವನ್ನೇ ಬದಲಿಸಿತು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ, ವ್ಯಾಜ್ಯವನ್ನು ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಗೆ ಎರಡು ಶಾಸನಗಳು ಕೊಟ್ಟ ಬೇರೆ ಬೇರೆ ಉತ್ತರ.

ಹಿನ್ನೆಲೆ

1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗ ಗೇಣಿಯ ಕಾನೂನುಗಳು ಒಂದಾಗಲಿಲ್ಲ. ಮುಂಬಯಿ ಕರ್ನಾಟಕದಲ್ಲಿ 1948ರ ಮುಂಬಯಿ ಗೇಣಿ ಕಾಯಿದೆ, ಹೈದರಾಬಾದ್ ಕರ್ನಾಟಕದಲ್ಲಿ 1950ರ ಹೈದರಾಬಾದ್ ಕಾಯಿದೆ, ಹಳೇ ಮೈಸೂರಿನಲ್ಲಿ 1952ರದು, ದಕ್ಷಿಣ ಕನ್ನಡದಲ್ಲಿ ಮದ್ರಾಸಿನದು ನಡೆಯುತ್ತಿದ್ದವು. ಮೈಸೂರು ಸರ್ಕಾರ ಇನಾಮುಗಳನ್ನು ರದ್ದುಪಡಿಸುವ ಕಾನೂನುಗಳನ್ನು 1954 ಮತ್ತು 1955ರಲ್ಲಿ ತಂದಿತ್ತು. ಹೀಗಾಗಿ ಒಬ್ಬ ಗೇಣಿದಾರನ ಹಕ್ಕು ಎಷ್ಟು ಎಂಬುದು ಅವನು ಯಾವ ಜಿಲ್ಲೆಯಲ್ಲಿ ಉಳುತ್ತಿದ್ದಾನೆ ಎಂಬುದರ ಮೇಲೆ ನಿಂತಿತ್ತು.

ಪ್ರಶ್ನೆ ಸದನಕ್ಕೆ ಬರುವ ಮೊದಲೇ ಗದ್ದೆಯಲ್ಲಿ ಎದ್ದಿತ್ತು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲಿನಲ್ಲಿ ದೀವರ ಸಮುದಾಯದ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಗೇಣಿ ಭತ್ತ ಅಳೆಯಲು ಜಮೀನುದಾರರು ಬಳಸುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದಾಗಿತ್ತು. ಕೊಟ್ಟ ಗೇಣಿಗೆ ರಸೀದಿಯೂ ಸಿಗುತ್ತಿರಲಿಲ್ಲ. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಗೂಡಿದರು. ಜೂನ್ ತಿಂಗಳಲ್ಲಿ ಬಂದ ರಾಮಮನೋಹರ ಲೋಹಿಯಾ ಬಂಧಿತರಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಆ ಭಾಗದಿಂದಲೇ ಶಾಸಕರಾಗಿ ಗೆದ್ದು, ಗೇಣಿದಾರರ ಮಾತನ್ನು ವಿಧಾನಸಭೆಗೆ ಒಯ್ದರು. ರಸೀದಿಯಿಲ್ಲದ ಗೇಣಿ ಎಂಬ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಇಪ್ಪತ್ತೈದು ವರ್ಷಗಳ ಕಾನೂನಿನ ಗಂಟು ಅಲ್ಲಿಯೇ ಇದೆ.

1961ರ ಕಾಯಿದೆ

ಎಲ್ಲ ಪ್ರದೇಶಗಳಿಗೂ ಒಂದೇ ಕಾನೂನು ಬೇಕೆಂದು 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. 1958ರಲ್ಲಿ ಮಸೂದೆ ಮಂಡನೆಯಾಗಿ, ಎರಡೂ ಸದನಗಳ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ಸದನದ ಒಪ್ಪಿಗೆಯ ನಂತರ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1962ರ ಮಾರ್ಚಿನಲ್ಲಿ, ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಮಸೂದೆ ಹುಟ್ಟಿ ಕಾಯಿದೆ ಕಾಲಿಡುವ ಹೊತ್ತಿಗೆ ಏಳು ವರ್ಷ ಕಳೆದಿತ್ತು. ಬರುವುದೇನು ಎಂದು ತಿಳಿದಿದ್ದ ಜಮೀನುದಾರರಿಗೆ ಗೇಣಿದಾರರನ್ನು ಬಿಡಿಸಲು, ಆಸ್ತಿಯನ್ನು ಮನೆಮಂದಿಯ ಹೆಸರಿಗೆ ಹಂಚಲು ಇದು ಧಾರಾಳ ಸಮಯ. 1964ರಲ್ಲಿ ಸಂವಿಧಾನದ 17ನೇ ತಿದ್ದುಪಡಿಯ ಮೂಲಕ ಸಂಸತ್ತು ಈ ಕಾಯಿದೆಯನ್ನು ಒಂಬತ್ತನೇ ಅನುಸೂಚಿಗೆ ಸೇರಿಸಿ, ಮೂಲಭೂತ ಹಕ್ಕಿನ ಹೆಸರಿನಲ್ಲಿ ಬರುವ ಪ್ರಶ್ನೆಗಳಿಂದ ಅದಕ್ಕೆ ರಕ್ಷಣೆ ಕೊಟ್ಟಿತು. ಆದರೆ ಅದರ ದೌರ್ಬಲ್ಯ ಒಳಗೇ ಇತ್ತು.

ಗೇಣಿಯನ್ನು ಉತ್ಪನ್ನದ ನಾಲ್ಕನೇ ಅಥವಾ ಐದನೇ ಒಂದು ಭಾಗಕ್ಕೆ ಇಳಿಸಿದ ಕಾಯಿದೆ, ಸ್ವಂತ ಸಾಗುವಳಿಗೆಂದು ಜಮೀನನ್ನು ಮರಳಿ ಪಡೆಯುವ ಅವಕಾಶವನ್ನೂ ಜಮೀನುದಾರನಿಗೆ ಕೊಟ್ಟಿತು. ಕುಟುಂಬದ ಭೂಮಿತಿ 27 ಪ್ರಮಾಣಿತ ಎಕರೆ. ಖುಷ್ಕಿ ಜಮೀನಿಗೆ ಅದನ್ನು ಲೆಕ್ಕ ಹಾಕಿದರೆ 216 ಎಕರೆಯವರೆಗೂ ಹಿಗ್ಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ವ್ಯಾಜ್ಯಗಳು ಮುನ್ಸಿಫ್ ನ್ಯಾಯಾಲಯಗಳಿಗೆ ಹೋದದ್ದು. ನ್ಯಾಯಾಲಯ ಕೇಳುವುದು ದಾಖಲೆಯನ್ನು. ಬಾಯಿಮಾತಿನ ಮೇಲೆ ಉಳುತ್ತಿದ್ದವನ ಬಳಿ ಗೇಣಿ ಚೀಟಿಯೂ ಇರಲಿಲ್ಲ, ವಕೀಲರಿಗೆ ಕೊಡಲು ದುಡ್ಡೂ ಇರಲಿಲ್ಲ. ಪಹಣಿಯಲ್ಲಿ ತನ್ನ ಹೆಸರು ಬಂದಿದೆಯೇ ಎಂದು ಶಾನುಭೋಗರನ್ನು ಕೇಳುವ ಧೈರ್ಯವೂ ಅನೇಕರಿಗೆ ಇರಲಿಲ್ಲ.

1974ರ ತಿದ್ದುಪಡಿ

1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಅವರ ಸರ್ಕಾರ ತಂದ ತಿದ್ದುಪಡಿ 1974ರ ರಾಜ್ಯದ ಮೊದಲನೇ ಕಾಯಿದೆಯಾಗಿ ಮಾರ್ಚ್ 1ರಿಂದ ಜಾರಿಯಾಯಿತು. ಗೋಪಾಲಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

ಆ ದಿನದಿಂದ ಗೇಣಿಯಲ್ಲಿದ್ದ ಎಲ್ಲ ಜಮೀನೂ ಸರ್ಕಾರಕ್ಕೆ ಸೇರಿತು. ಜಮೀನುದಾರ ಮತ್ತು ಗೇಣಿದಾರನ ಸಂಬಂಧವನ್ನು ಕಾನೂನೇ ಕಡಿದುಹಾಕಿತು. ಇನ್ನು ವ್ಯವಹಾರವಿದ್ದದ್ದು ಗೇಣಿದಾರ ಮತ್ತು ಸರ್ಕಾರದ ನಡುವೆ. ಸ್ವಂತ ಸಾಗುವಳಿಗೆ ಮರಳಿ ಪಡೆಯುವ ದಾರಿ ಮುಚ್ಚಿತು. ಸೈನಿಕರು ಮತ್ತು ನಾವಿಕರನ್ನು ಬಿಟ್ಟು ಬೇರಾರೂ ಹೊಸದಾಗಿ ಗೇಣಿಗೆ ಕೊಡುವಂತಿಲ್ಲ ಎಂದಾಯಿತು. ಭೂಮಿತಿ 10 ಯೂನಿಟ್‌ಗೆ ಇಳಿಯಿತು: ಎರಡು ಬೆಳೆಗೆ ಖಚಿತ ನೀರಿರುವ ಉತ್ತಮ ಜಮೀನಾದರೆ 10 ಎಕರೆ, ಖುಷ್ಕಿಯಾದರೆ 54 ಎಕರೆ. ಕೃಷಿಯೇತರ ಆದಾಯ ವರ್ಷಕ್ಕೆ 12,000 ರೂಪಾಯಿ ಮೀರಿದವರು ಕೃಷಿ ಜಮೀನು ಕೊಳ್ಳದಂತೆ 79ಎ ಕಲಂ, ಕೃಷಿಕರಲ್ಲದವರು ಹೊಂದದಂತೆ 79ಬಿ ಕಲಂ ಸೇರಿದವು.

ವ್ಯಾಜ್ಯ ತೀರ್ಮಾನದ ಹೊಣೆ ಮುನ್ಸಿಫರಿಂದ ಭೂ ನ್ಯಾಯಮಂಡಳಿಗೆ ಬಂತು. ತಾಲ್ಲೂಕಿಗೊಂದು ಮಂಡಳಿ, ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಗೇಣಿದಾರ ಫಾರಂ ನಂಬರ್ 7 ತುಂಬಿ ಕೊಟ್ಟರೆ ಸಾಕು. ಕರಾವಳಿಯ ಜನ ಇದನ್ನು ‘ಡಿಕ್ಲರೇಷನ್ ಕೊಡುವುದು’ ಎಂದೇ ಕರೆದರು. ವಿಚಾರಣೆ ಸಂಕ್ಷಿಪ್ತ. ವಕೀಲರಿಗೆ ಪ್ರವೇಶವಿಲ್ಲ, ಮೇಲ್ಮನವಿಯಿಲ್ಲ. ಅತೃಪ್ತರಿಗೆ ಉಳಿದದ್ದು ಹೈಕೋರ್ಟಿನ ರಿಟ್ ಒಂದೇ. ಗದ್ದೆಯಲ್ಲಿ ಯಾರು ನೇಗಿಲು ಹಿಡಿಯುತ್ತಿದ್ದರು ಎಂದು ಊರಿನವರೇ ಬಂದು ಹೇಳಬಹುದಿತ್ತು, ಮಂಡಳಿಯಲ್ಲಿ ಕುಳಿತವರಿಗೂ ಊರಿನ ಪರಿಚಯವಿತ್ತು. ರಸೀದಿಯಿಲ್ಲದ ಗೇಣಿದಾರನಿಗೆ ಕಾನೂನು ಮೊದಲ ಬಾರಿ ಕೈಗೆಟುಕಿದ್ದು ಹೀಗೆ.

ಅರ್ಜಿ ಸಲ್ಲಿಸುವ ಕೊನೆಯ ದಿನವನ್ನು ಮತ್ತೆ ಮತ್ತೆ ಮುಂದೂಡಿ 1979ರ ಜೂನ್ 30ಕ್ಕೆ ನಿಲ್ಲಿಸಲಾಯಿತು. ಬಂದ ಅರ್ಜಿಗಳು 8 ಲಕ್ಷ ಮೀರಿದವು. ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಬದಲಾವಣೆ ಬಹಳ ಆಳವಾಗಿತ್ತು. ಧಣಿಯ ಅಂಗಳಕ್ಕೆ ಗೇಣಿ ಅಕ್ಕಿ ಹೊರುತ್ತಿದ್ದ ಮನೆಗಳಿಂದ ಮುಂದಿನ ತಲೆಮಾರಿನಲ್ಲಿ ಶಿಕ್ಷಕರು, ಬ್ಯಾಂಕ್ ನೌಕರರು, ಪಂಚಾಯತಿ ಅಧ್ಯಕ್ಷರು ಬಂದರು.

ಇದು ಎಲ್ಲರಿಗೂ ನ್ಯಾಯ ಕೊಟ್ಟ ಕಾನೂನಲ್ಲ. ಒಂದೆರಡು ಎಕರೆಯನ್ನೇ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರೂ ಸಣ್ಣ ಹಿಡುವಳಿದಾರರೂ ದೊಡ್ಡ ಧಣಿಗಳ ಜೊತೆಯಲ್ಲೇ ಜಮೀನು ಕಳೆದುಕೊಂಡರು. ಗೇಣಿಯೂ ಇಲ್ಲದೆ ಕೂಲಿಗೆ ದುಡಿಯುತ್ತಿದ್ದವರಿಗೆ, ಅಂದರೆ ಬಹುಪಾಲು ದಲಿತ ಕುಟುಂಬಗಳಿಗೆ ಸಿಕ್ಕಿದ್ದು ಬಹಳ ಕಡಿಮೆ. ಫಾರಂಗಳು ಹೆಚ್ಚಾಗಿ ಮನೆಯ ಗಂಡಸರ ಹೆಸರಿನಲ್ಲಿದ್ದವು. ಮಿತಿ ಮೀರಿದ ಭೂಮಿಯೆಂದು ಸರ್ಕಾರದ ವಶಕ್ಕೆ ಬಂದದ್ದು ಗೇಣಿ ಭೂಮಿಯ ಮುಂದೆ ಅತ್ಯಲ್ಪ.

ನ್ಯಾಯಾಲಯ ಮತ್ತು ಸದನ

ಹೈಕೋರ್ಟಿಗೆ ರಿಟ್ ಅರ್ಜಿಗಳು ಪ್ರವಾಹದಂತೆ ಬಂದವು. ತೀರ್ಪಿಗೆ ಕಾರಣ ಬರೆದಿಲ್ಲ, ಸಾಕ್ಷ್ಯ ದಾಖಲಿಸಿಲ್ಲ ಎಂದು ಅನೇಕ ಪ್ರಕರಣಗಳು ಮರುವಿಚಾರಣೆಗೆ ಮಂಡಳಿಗಳಿಗೇ ಮರಳಿದವು. 1986ರಲ್ಲಿ ವಿಧಾನಮಂಡಲ ಮೇಲ್ಮನವಿ ಪ್ರಾಧಿಕಾರಗಳನ್ನು ಸ್ಥಾಪಿಸಿ, 1990ರಲ್ಲಿ ತಾನೇ ರದ್ದುಪಡಿಸಿತು. 1987ರಲ್ಲಿ ಸುಪ್ರೀಂ ಕೋರ್ಟು, ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ತಿದ್ದುಪಡಿಯ ಮುಖ್ಯ ಭಾಗವನ್ನು ಎತ್ತಿಹಿಡಿದರೂ ವಕೀಲರ ಮೇಲಿನ ನಿಷೇಧವನ್ನು ಒಪ್ಪಲಿಲ್ಲ. ವಕೀಲಿ ವೃತ್ತಿಯ ಹಕ್ಕು ಸಂಸತ್ತಿನ ಕಾಯಿದೆಗೆ ಸೇರಿದ ವಿಷಯ, ಅದರಲ್ಲಿ ರಾಜ್ಯ ಕೈಹಾಕುವಂತಿಲ್ಲ ಎಂಬುದು ಅದರ ನಿಲುವು. ಅಷ್ಟರಲ್ಲಿ ಮಂಡಳಿಗಳ ಕೆಲಸದ ಬಹುಭಾಗ ಮುಗಿದಿತ್ತು.

ನಂತರದ ತಿದ್ದುಪಡಿಗಳು

ಫಾರಂ 7 ಕೊಡದೆ ಉಳಿದವರಿಗಾಗಿ 1998ರಲ್ಲಿ ಫಾರಂ 7ಎ ಬಂತು. ಮೂಲಗೇಣಿದಾರರಿಗೆ ಒಡೆತನ ಕೊಡಲು 2011ರಲ್ಲಿ ಪ್ರತ್ಯೇಕ ಕಾಯಿದೆಯಾಯಿತು. ತಾಂಡಾ, ಹಟ್ಟಿಗಳಲ್ಲಿ ಖಾಸಗಿ ಜಮೀನಿನ ಮೇಲೆ ಮನೆ ಕಟ್ಟಿಕೊಂಡವರಿಗೆ ಆ ಜಾಗದ ಹಕ್ಕು ಕೊಡುವ ತಿದ್ದುಪಡಿ 2017ರಲ್ಲಿ ಜಾರಿಯಾದಾಗ ಕಂದಾಯ ಸಚಿವರಾಗಿದ್ದವರು ಕಾಗೋಡು ತಿಮ್ಮಪ್ಪ.

79ಎ ಕಲಮಿನ ಆದಾಯ ಮಿತಿ 1995ರಲ್ಲಿ 2 ಲಕ್ಷಕ್ಕೂ 2015ರಲ್ಲಿ 25 ಲಕ್ಷಕ್ಕೂ ಏರಿತು. 2020ರ ಜುಲೈನಲ್ಲಿ ಸುಗ್ರೀವಾಜ್ಞೆಯ ಮೂಲಕ 79ಎ, 79ಬಿ ಎರಡೂ ರದ್ದಾದವು. ರೈತ ಸಂಘಟನೆಗಳ ಪ್ರತಿಭಟನೆಯ ನಡುವೆ ಸೆಪ್ಟೆಂಬರಿನಲ್ಲಿ ವಿಧಾನಸಭೆಯೂ ಡಿಸೆಂಬರಿನಲ್ಲಿ ವಿಧಾನ ಪರಿಷತ್ತೂ ಮಸೂದೆಗೆ ಒಪ್ಪಿಗೆ ಕೊಟ್ಟವು. ಇಷ್ಟು ದೂರಗಾಮಿಯಾದ ಬದಲಾವಣೆ ಚರ್ಚೆಗೆ ಮೊದಲೇ ಸುಗ್ರೀವಾಜ್ಞೆಯಾಗಿ ಬಂದದ್ದು ಸರಿಯಾದ ಕ್ರಮವಲ್ಲ. 1958ರ ಮಸೂದೆ ಜಂಟಿ ಸಮಿತಿಯಲ್ಲಿ ಕಳೆದ ವರ್ಷಗಳು ಒಂದು ಅತಿಯಾದರೆ ಇದು ಇನ್ನೊಂದು ಅತಿ. ಗೇಣಿಯನ್ನು ನಿಷೇಧಿಸುವ 5ನೇ ಕಲಂ ಮಾತ್ರ ಈಗಲೂ ಪುಸ್ತಕದಲ್ಲಿದೆ. ಆದರೂ ಹಳ್ಳಿಗಳಲ್ಲಿ ವಾರಕ್ಕೆ, ಕೋರಿಗೆ, ಗುತ್ತಿಗೆಗೆ ಜಮೀನು ಕೊಡುವುದು ಬಾಯಿಮಾತಿನಲ್ಲೇ ನಡೆದಿದೆ. ಹಾಗೆ ಉಳುವವರ ಹೆಸರು ಪಹಣಿಗೆ ಬರುವುದಿಲ್ಲ. ಬೆಳೆ ಸಾಲವಾಗಲಿ ಬೆಳೆ ಪರಿಹಾರವಾಗಲಿ ಅವರ ಕೈಗೆ ಸುಲಭವಾಗಿ ಸಿಗುವುದಿಲ್ಲ.