ಕಾಲು ಮೈಲಿಯ ಓಟ, ಬದಲಾಗುವ ನಿಯಮ



ನೇರ ದಾರಿಯಲ್ಲಿ ಎರಡು ಕಾರುಗಳು ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ಓಡುತ್ತವೆ. ಇದೇ ಅಮೆರಿಕದ ಡ್ರ್ಯಾಗ್ ರೇಸಿಂಗ್. ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯದ ಯುವಕರು ಬೀದಿಗಳಲ್ಲೂ ಹೀಗೆ ಪಂದ್ಯ ಕಟ್ಟುತ್ತಿದ್ದರು. ಅವರನ್ನು ಸುರಕ್ಷಿತ ಪಥಕ್ಕೆ ತರಲು ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಈ ಕ್ರೀಡೆ ಬೆಳೆದದ್ದೇ ನಿಯಮಗಳ ಆಸರೆಯಲ್ಲಿ.

1964ರ ಪಾಂಟಿಯಾಕ್ ಜಿಟಿಒ ಕಾರು ಜನಪ್ರಿಯವಾದ ಮೇಲೆ ಮಧ್ಯಮ ಗಾತ್ರದ ಒಡಲಿಗೆ ದೊಡ್ಡ ಎಂಜಿನ್ ಜೋಡಿಸಿದ 'ಮಸಲ್ ಕಾರು'ಗಳ ಕಾಲ ಬಂತು. ಇಂದು ಹವ್ಯಾಸಿಗಳು ಅವನ್ನು ಜೋಪಾನವಾಗಿ ಕಾಪಾಡುತ್ತಾರೆ, ಓಡಿಸುತ್ತಾರೆ. ಆದರೆ 11.49 ಸೆಕೆಂಡಿನಲ್ಲಿ ಅಥವಾ ಅದಕ್ಕೂ ಬೇಗ ಗುರಿ ಮುಟ್ಟುವ ಹಳೆಯ ಕಾರಿಗೆ, ಮಗುಚಿದಾಗ ಚಾಲಕನನ್ನು ಕಾಯುವ ಉಕ್ಕಿನ 'ರೋಲ್ ಬಾರ್' ಕಡ್ಡಾಯ. ಅದನ್ನು ಕೂರಿಸಲು ಒಡಲನ್ನು ಕೊರೆಯಬೇಕು ಇಲ್ಲವೇ ಬೆಸೆಯಬೇಕು. ಕಾರಿನ ಮೂಲರೂಪ ಕೆಡುತ್ತದೆ. 2008 ಮತ್ತು ಅನಂತರದ ಮಾದರಿಗಳಿಗೆ ಮಾತ್ರ ಮುಂದೆ 10 ಸೆಕೆಂಡಿನವರೆಗೆ ವಿನಾಯಿತಿ ದೊರೆಯಿತು.

ಇದು ಪಕ್ಷಪಾತವೇ? ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ ಎಂದು ನೀವು ಓದಿದ್ದೀರಿ. ಹೊಸ ಕಾರಿನ ಒಡಲನ್ನು ಡಿಕ್ಕಿಯಲ್ಲಿ ಆ ಶಕ್ತಿ ಹೀರುವಂತೆ ರೂಪಿಸಿರುತ್ತಾರೆ. ಏರ್ ಬ್ಯಾಗುಗಳೂ ಇರುತ್ತವೆ. 1960ರ ದಶಕದ ಕಾರಿನಲ್ಲಿ ಇವೆರಡೂ ಇಲ್ಲ. ನಿಯಮಕ್ಕೆ ವಿಜ್ಞಾನದ ಬಲವಿದೆ.

ಆದರೂ ಹವ್ಯಾಸಿಯ ಇಕ್ಕಟ್ಟು ನಿಜವಾದದ್ದೇ. ಕಾರನ್ನು ಕೊರೆಯಬೇಕು, ನಿಧಾನ ಓಡಿಸಬೇಕು, ಇಲ್ಲವೇ ಪಥ ಬಿಡಬೇಕು. ಬಿಟ್ಟವನು ಮತ್ತೆ ಬೀದಿಗಿಳಿದರೆ 1951ರ ಉದ್ದೇಶವೇ ಸೋತಂತೆ. ನಿಯಮ ಬರೆಯುವವರು ಅಪಾಯವನ್ನು ಅಳೆದರಷ್ಟೇ ಸಾಲದು, ಆಟಗಾರನನ್ನು ಪಥದಲ್ಲೇ ಉಳಿಸಿಕೊಳ್ಳುವ ದಾರಿಯನ್ನೂ ಹುಡುಕಬೇಕು. ನೀವೇನು ಹೇಳುತ್ತೀರಿ?